ಡಿಸೈನ್ ಆಫೀಸಿಗೆ ಕಂಪ್ಯೂಟರ್ ತಗೊಳೋ ಮುಂಚೆ ಆ ಕೊಟೇಶನ್ ಒಂದ್ಸಲ ಸರಿಯಾಗಿ ಓದ್ರಿ

ನಮ್ಮ ಚಿಕ್ಕಪ್ಪನ ಮಗಳು ನಿಟುವಳ್ಳಿ ಕಡೆ ಸಣ್ಣದೊಂದು ಮಳಿಗೆ ಹಿಡಿದಾಳೆ, ಡಿಟಿಪಿ, ಡಿಸೈನ್ ಅಂತ ಶುರು ಮಾಡ್ಬೇಕು ಅಂತ. ಅಂಗಡಿಯಿಂದ ಕೊಟೇಶನ್ ಇಸ್ಕೊಂಡು ಫೋಟೋ ಹೊಡೆದು ವಾಟ್ಸಾಪ್ ಮಾಡಿದ್ಲು, "ಅಣ್ಣಾ ಒಂಚೂರು ನೋಡು, ಮಾನಿಟರ್ ಸೇರಿ ಐವತ್ತು ಸಾವಿರದೊಳಗೆ ಆಗ್ಬೇಕು" ಅಂತ. ಅದ್ರಲ್ಲಿ ಇದ್ದಿದ್ದು ಇಷ್ಟು: ಇಂಟೆಲ್ ಐ5 12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ (ಕೆಲಸ ನಡೀವಾಗ ಬಳಸೋ ಮೆಮೊರಿ) ಒಂದೇ ಸ್ಟಿಕ್, 256 ಜಿಬಿ ಎಸ್‌ಎಸ್‌ಡಿ (ಫೈಲ್ ಉಳಿಸೋ ಫಾಸ್ಟ್ ಡಿಸ್ಕ್), 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಹೆಸರು ಬರೆಯದೇ ಇರೋ "500 ವ್ಯಾಟ್" ಎಸ್‌ಎಂಪಿಎಸ್ (ಕರೆಂಟ್ ಕೊಡೋ ಪವರ್ ಸಪ್ಲೈ), ಗಾಜಿನ ಕ್ಯಾಬಿನೆಟ್ ವಿತ್ ಲೈಟಿಂಗ್ ಫ್ಯಾನ್, 22 ಇಂಚು ಮಾನಿಟರ್. ಮದ್ವೆಗೆ ಸೀರಿಯಲ್ ಸೆಟ್ ಜೋರಾಗಿ ಹಾಕ್ಸಿ ಅಡಿಗೆಗೆ ಅಕ್ಕಿ ಕಮ್ಮಿ ತಂದಂಗೆ ಇತ್ತು ಲಿಸ್ಟು. ಅಂಗಡಿಯವ್ರದ್ದು ಮೋಸ ಅಂತ ನಾನು ಹೇಳಲ್ಲ, ಅವ್ರ ಹತ್ರ ದಿನಾ ಬರೋರು ಗೇಮಿಂಗ್ ಹುಡುಗರು, ಅವರಿಗೆ ಕೊಡೋ ಲಿಸ್ಟನ್ನೇ ನಮಗೂ ಕೊಡ್ತಾರೆ ಅಷ್ಟೇ. ಆದ್ರೆ ಇಂಥದ್ದೇ ಲಿಸ್ಟ್ ಹಿಡ್ಕೊಂಡು ಇನ್ನೂ ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೆ ಅವಳಿಗೆ ಹೇಳಿದ್ದನ್ನ ಇಲ್ಲೇ ಬರೆದು ಹಾಕ್ತಿದೀನಿ.

ದಾವಣಗೆರೆಯಲ್ಲಿ ಡಿಸೈನ್ ಕೆಲಸ ಅಂದ್ರೆ ಯಾವುದು ಅಂತ ಮೊದ್ಲು ನೋಡ್ಕೋಬೇಕು, ಯೂಟ್ಯೂಬಲ್ಲಿ ಡಿಸೈನ್ ಪಿಸಿ ಅಂತ ಹುಡುಕಿದ್ರೆ ಸಿಗೋರೆಲ್ಲ ತ್ರೀಡಿ ಮಾಡೋರು, 4ಕೆ ವಿಡಿಯೋ ಕಟ್ ಮಾಡೋರು. ನಮ್ಮಲ್ಲಿ ಬೆಳಗ್ಗೆ ಶಟರ್ ಎತ್ತಿದ್ರೆ ಬರೋದು ಲಗ್ನಪತ್ರಿಕೆ, ಗೃಹಪ್ರವೇಶ, ಬಿಲ್ ಬುಕ್, ಕೋಚಿಂಗ್ ಕ್ಲಾಸಿನವ್ರ ಪಾಂಪ್ಲೆಟ್, ಅಕ್ಕಿ ಚೀಲದ ಲೇಬಲ್, ಆಮೇಲೆ ಫ್ಲೆಕ್ಸು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತು ಅಂದ್ರೆ ಕೇಳ್ಲೇಬೇಡ್ರಿ, ಗಲ್ಲಿಗೊಂದು ಬ್ಯಾನರ್, ಬ್ಯಾನರಿಗೆ ನಲವತ್ತು ಮುಖ, ಒಬ್ಬನ ಮುಖ ಸಣ್ಣದಾದ್ರೂ ರಾತ್ರಿ ಹನ್ನೊಂದಕ್ಕೆ ಫೋನು. ಸಾಫ್ಟ್‌ವೇರ್ ಅಂದ್ರೆ ಕೋರೆಲ್‌ಡ್ರಾ, ಫೋಟೋಶಾಪ್, ಕನ್ನಡಕ್ಕೆ ನುಡಿ ಇಲ್ಲಾ ಶ್ರೀಲಿಪಿ, ಕೆಲವು ಹಳೇ ಪ್ರೆಸ್ಸಲ್ಲಿ ಈಗ್ಲೂ ಪೇಜ್‌ಮೇಕರ್. ಕಂಪ್ಯೂಟರ್ ತಗೊಳೋದು ಈ ಕೆಲಸಕ್ಕೆ. ಹಂಗಾಗಿ ಈ ಫೈಲುಗಳು ಎಷ್ಟು ಭಾರ ಅಂತ ಗೊತ್ತಾದ್ರೆ ಕಂಪ್ಯೂಟರಿನ ಯಾವ ಭಾಗಕ್ಕೆ ದುಡ್ಡು ಹಾಕ್ಬೇಕು ಅನ್ನೋದು ತಾನೇ ಗೊತ್ತಾಗುತ್ತೆ.

ಒಂದು ಲೆಕ್ಕ ಹಾಕಿ ನೋಡಣ. ಹತ್ತು ಅಡಿ ಅಗಲ ಎಂಟು ಅಡಿ ಎತ್ತರದ ಫ್ಲೆಕ್ಸ್, ಪೂರ್ತಿ ಸೈಜಿನಲ್ಲೇ 72 ಡಿಪಿಐ (ಇಂಚಿಗೆ 72 ಪಿಕ್ಸೆಲ್) ಇಟ್ಟು ಫೋಟೋಶಾಪಲ್ಲಿ ಮಾಡ್ತೀವಿ ಅಂತಿಟ್ಕೊಳ್ಳಿ. 120 ಇಂಚಿಗೆ 8,640 ಪಿಕ್ಸೆಲ್, 96 ಇಂಚಿಗೆ 6,912, ಗುಣಿಸಿದ್ರೆ ಹತ್ರತ್ರ ಆರು ಕೋಟಿ ಪಿಕ್ಸೆಲ್. ಸಿಎಂವೈಕೆ, ಅಂದ್ರೆ ಪ್ರಿಂಟಿಂಗಿನ ನಾಲ್ಕು ಇಂಕಿನ ಬಣ್ಣ, ಆದ್ರೆ ಒಂದು ಪಿಕ್ಸೆಲಿಗೆ ನಾಲ್ಕು ಬೈಟು, ಅಲ್ಲಿಗೆ ಹಿನ್ನೆಲೆ ಒಂದಕ್ಕೇ ಸುಮಾರು 228 ಎಂಬಿ. ಅದರ ಮೇಲೆ ನಾಯಕರ ಫೋಟೋ ಲೇಯರ್, ಹೂವಿನ ಹಾರದ ಲೇಯರ್, ಶ್ಯಾಡೋ, ಗ್ಲೋ, ನಲವತ್ತು ಮುಖ, ಅದಲ್ಲದೆ ಹಿಂದಕ್ಕೆ ಹೋಗೋಕೆ ಅಂತ ಫೋಟೋಶಾಪ್ ಹಿಸ್ಟರಿ ಬೇರೆ ಇಟ್ಕೊಂಡಿರುತ್ತೆ. 8 ಜಿಬಿ ರ‍್ಯಾಮಿನಲ್ಲಿ ವಿಂಡೋಸ್ ತನ್ನ ಪಾಲು ತಗೊಂಡು, ಕ್ರೋಮಲ್ಲಿ ವಾಟ್ಸಾಪ್ ವೆಬ್ ಓಪನ್ ಇದ್ದು, ಪಕ್ಕದಲ್ಲಿ ಕೋರೆಲ್ ನಡೀತಿದ್ರೆ ಮಿಕ್ಕೋದು ಏನು? ಖಾಲಿ ಇರೋ ರ‍್ಯಾಮಲ್ಲಿ 70 ಪರ್ಸೆಂಟನ್ನ ಫೋಟೋಶಾಪ್ ತನಗೆ ಅಂತ ಇಟ್ಕೊಳುತ್ತೆ, ಅದು ಸಾಲ್ದೆ ಬಂದಾಗ ಡಿಸ್ಕಿಗೆ ಬರೆಯೋಕೆ ಶುರು ಮಾಡುತ್ತೆ, ಅಲ್ಲಿಂದ ಸಿಸ್ಟಮ್ ಕುಂಟೋಕೆ ಶುರು. ಅದಕ್ಕೇ 16 ಜಿಬಿ ಇಲ್ಲದೆ ಫ್ಲೆಕ್ಸ್ ಕೆಲಸಕ್ಕೆ ಕೂರಬಾರ್ದು. (ಹೊಸದಾಗಿ ಬಂದ ಹುಡುಗರು ಕೆಲವರು ಕ್ವಾಲಿಟಿ ಬರ್ಲಿ ಅಂತ ಅದೇ ಫ್ಲೆಕ್ಸನ್ನ 300 ಡಿಪಿಐನಲ್ಲಿ ತೆಗೀತಾರೆ, ಆಗ ಅದೇ ಒಂದು ಲೇಯರ್ 4 ಜಿಬಿ ಹತ್ರ ಹೋಗುತ್ತೆ, ಅಗಲ 36,000 ಪಿಕ್ಸೆಲ್ ಆಗಿ ಫೋಟೋಶಾಪಿನ ಮಾಮೂಲಿ ಫೈಲಾದ ಪಿಎಸ್‌ಡಿಯ 30,000 ಮಿತಿ ದಾಟೋದ್ರಿಂದ ಸಾದಾ ಪಿಎಸ್‌ಡಿಯಾಗಿ ಸೇವೇ ಆಗಲ್ಲ. ಇಪ್ಪತ್ತು ಅಡಿ ದೂರದಿಂದ ನೋಡೋ ಬ್ಯಾನರಿಗೆ ಅದು ಯಾಕೆ ಬೇಕು ಹೇಳ್ರಿ. ಇದನ್ನ ಯಾವ ಪ್ರೊಸೆಸರೂ ಸರಿ ಮಾಡಕ್ಕಾಗಲ್ಲ.)

ಈಗ ಗ್ರಾಫಿಕ್ಸ್ ಕಾರ್ಡ್ ವಿಷಯ, ಜಗಳ ಆಗೋದೇ ಇಲ್ಲಿ. "ಡಿಸೈನಿಂಗ್ ಅಂತೀರಾ, ಕಾರ್ಡ್ ಇಲ್ದೆ ಹೆಂಗ್ರೀ" ಅಂತ ಅಂಗಡಿಯಲ್ಲಿ ಕೇಳಿದ್ರಂತೆ. ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡೋಕೆ ಬಹುಪಾಲು ಬೇಕಾಗೋದು ಪ್ರೊಸೆಸರಿನ ಒಂದೊಂದು ಕೋರಿನ (ಒಳಗೆ ಲೆಕ್ಕ ಮಾಡೋ ಘಟಕದ) ಸ್ಪೀಡು, ಕಾರ್ಡ್ ಸುಮ್ನೆ ಕೂತಿರುತ್ತೆ. ಫೋಟೋಶಾಪಲ್ಲಿ ಝೂಮ್ ಮಾಡೋದು, ಕ್ಯಾನ್ವಾಸ್ ತಿರುಗಿಸೋದು, ಕೆಲವು ಬ್ಲರ್, ಕ್ಯಾಮೆರಾ ರಾ ಡಿನಾಯ್ಸ್, ನ್ಯೂರಲ್ ಫಿಲ್ಟರ್ ಇವುಕ್ಕೆ ಜಿಪಿಯು (ಗ್ರಾಫಿಕ್ಸ್ ಚಿಪ್) ಉಪಯೋಗ ಆಗುತ್ತೆ ಅನ್ನೋದು ನಿಜ, ಆದ್ರೆ ಮೊದಲಿನ ಎರಡಕ್ಕೆ ಈಗಿನ ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸೇ ಸಾಕು, ಮಿಕ್ಕಿದ್ದು ದಿನದ ಕೆಲಸದಲ್ಲಿ ಎಷ್ಟು ಸಲ ಬರುತ್ತೆ ಯೋಚಿಸಿ. ಇನ್ನು ಎಐ ಎಐ ಅಂತಾರಲ್ಲ, ಫೋಟೋಶಾಪಿನ ಜನರೇಟಿವ್ ಫಿಲ್, ಅದು ನಡೆಯೋದು ಅಡೋಬಿಯವರ ಸರ್ವರಲ್ಲಿ, ನಿಮ್ಮ ಕಾರ್ಡಿನಲ್ಲಲ್ಲ. ಅದಕ್ಕೆ ಬೇಕಾಗೋದು ನೆಟ್ಟು, ಆ ದುಡ್ಡಲ್ಲಿ ಫೈಬರ್ ಕನೆಕ್ಷನ್ ಹಾಕ್ಸಿ. ಬ್ಲೆಂಡರ್‌ನಲ್ಲಿ ತ್ರೀಡಿ ಕಲೀತೀನಿ, ಪ್ರೀಮಿಯರ್‌ನಲ್ಲಿ ಮದ್ವೆ ವಿಡಿಯೋ ಎಡಿಟಿಂಗ್ ತಗೋತೀನಿ ಅನ್ನೋರ ಕಥೆ ಬೇರೆ, ಅವ್ರು ಕಾರ್ಡ್ ಹಾಕ್ಸಲೇಬೇಕು, ಆದ್ರೆ ಅವ್ರ ಬಜೆಟ್ಟೂ ಬೇರೆ ಆಗುತ್ತೆ.

ಕಾರ್ಡ್ ಬೇಡ ಅಂದ್ಮೇಲೆ ಆ ಪ್ರೊಸೆಸರ್ ಹೆಸರಿನ ಕೊನೇಲಿರೋ ಎಫ್ ಅಕ್ಷರ ನೋಡ್ಕೊಳ್ಳಿ, ದಯವಿಟ್ಟು. 12400 ಮತ್ತೆ 12400ಎಫ್ ಎರಡೂ ಆರು ಕೋರು ಹನ್ನೆರಡು ಥ್ರೆಡ್ಡು, 2022ರಲ್ಲಿ ಬಂದಿದ್ದು, ಸ್ಪೀಡೂ ಒಂದೇ, ಆದ್ರೆ ಎಫ್ ಇರೋದ್ರಲ್ಲಿ ಒಳಗಿನ ಗ್ರಾಫಿಕ್ಸ್ ಇರಲ್ಲ. ಕಾರ್ಡ್ ಇಲ್ದೆ ಅದನ್ನ ಹಾಕಿದ್ರೆ ಮಾನಿಟರಲ್ಲಿ ಏನೂ ಬರಲ್ಲ. ಎಫ್ ಸ್ವಲ್ಪ ಅಗ್ಗ ಇರುತ್ತೆ, ಅದನ್ನ ತೋರಿಸಿದ ಮೇಲೆ ಕಾರ್ಡ್ ಹೆಂಗೂ ಬೇಕೇ ಬೇಕಾಗುತ್ತೆ. ಎಫ್ ಇಲ್ಲದ 12400ರಲ್ಲಿ ಯುಎಚ್‌ಡಿ 730 ಅಂತ ಗ್ರಾಫಿಕ್ಸ್ ಐತೆ, ಜೊತೆಗೆ ಕ್ವಿಕ್ ಸಿಂಕ್, ಅಂದ್ರೆ ವಿಡಿಯೋನ ಓದೋಕೆ ಬರೆಯೋಕೆ ಪ್ರತ್ಯೇಕ ಸರ್ಕ್ಯೂಟು. ಈಗ ಎಲ್ರೂ ಕೇಳೋ ಆ ವಾಟ್ಸಾಪ್ ಆಮಂತ್ರಣದ ವಿಡಿಯೋ, ಮೂವತ್ತು ಸೆಕೆಂಡ್ ನಾದಸ್ವರ ಹಾಕಿ ಮಾಡ್ತೀವಲ್ಲ, ಅದಕ್ಕೆ ಇದು ಧಾರಾಳ ಆಯ್ತು. ಬಜೆಟ್ ಇನ್ನೂ ಬಿಗಿ ಇದ್ರೆ ಐ3 12100, ನಾಲ್ಕೇ ಕೋರು, ಆದ್ರೂ ಕೋರೆಲ್‌ಗೆ ಏನೂ ತೊಂದ್ರೆ ಇಲ್ಲ. ಎಎಮ್‌ಡಿ ಕಡೆ ರೈಜನ್ 5 5600ಜಿ ಐತೆ, ಒಳಗಿನ ಗ್ರಾಫಿಕ್ಸ್ ಇಂಟೆಲ್‌ಗಿಂತ ಜೋರು, ಒಂದೊಂದು ಕೋರಿನ ಸ್ಪೀಡಲ್ಲಿ 12400 ಮುಂದೆ. ನಮ್ಮ ಕೆಲಸಕ್ಕೆ ನಾನಾದ್ರೆ 12400. ಬೋರ್ಡ್ ಎಚ್610 ಸಾಕೇ ಸಾಕು, ಓವರ್‌ಕ್ಲಾಕ್ ಮಾಡಿ (ಪ್ರೊಸೆಸರನ್ನ ಮಿತಿ ಮೀರಿ ಓಡಿಸಿ) ಯಾರೂ ತಿಥಿ ಕಾರ್ಡ್ ಮಾಡಲ್ಲ. ಡಿಡಿಆರ್4 ಬೋರ್ಡಾ ಡಿಡಿಆರ್5 ಬೋರ್ಡಾ ಅಂತ ಮಾತ್ರ ನೋಡ್ಕೊಳ್ಳಿ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆನೂ ಕೇಳಿದ್ಲು, ಬೆಂಗಳೂರಿನ ಕಂಪನಿಗಳಿಂದ ತೆಗೆದ ಹಳೇ ಡೆಸ್ಕ್‌ಟಾಪ್ ತೊಳೆದು ಒರೆಸಿ ಮಾರ್ತಾರಲ್ಲ, ಐ5 ಅಂತ ಸ್ಟಿಕ್ಕರ್ ಇರುತ್ತೆ, ರೇಟು ನೋಡಿದ್ರೆ ಆಸೆ ಆಗುತ್ತೆ. ಯಾವ ಜನರೇಶನ್, ಅಂದ್ರೆ ಪ್ರೊಸೆಸರ್ ಎಷ್ಟನೇ ತಲೆಮಾರಿಂದು, ಅಂತ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವ್ರು ಮಾಮೂಲಿ ಸಪೋರ್ಟ್ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 11 ಅಧಿಕೃತವಾಗಿ ಬೇಕು ಅಂದ್ರೆ ಇಂಟೆಲ್‌ನಲ್ಲಿ ಕಮ್ಮಿ ಅಂದ್ರೂ ಎಂಟನೇ ಜನರೇಶನ್, ಜೊತೆಗೆ ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಇರ್ಬೇಕು. ನಾಲ್ಕನೇ, ಆರನೇ ಜನರೇಶನ್ ಯಂತ್ರಕ್ಕೆ 11 ಹಾಕಿ ಕೊಡ್ತೀವಿ ಅಂದ್ರೆ ಏನೋ ಅಡ್ಡದಾರಿ ಹಿಡಿದಾರೆ ಅಂತ ಅರ್ಥ, ನಾಳೆ ಅಪ್‌ಡೇಟ್ ಬಂದಾಗ ಏನಾಗುತ್ತೋ ದೇವರಿಗೇ ಗೊತ್ತು. ಅದಲ್ಲದೆ ಆ ಕಂಪನಿ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಎಸ್‌ಎಂಪಿಎಸ್, ಬೋರ್ಡ್ ಎಲ್ಲ ಅವರದ್ದೇ ಅಳತೆ, ಹೋದ್ರೆ ಊರಲ್ಲಿ ಬದಲಿ ಸಿಗಲ್ಲ. ಎಂಟನೇ ಜನರೇಶನ್ ಮೇಲಿಂದು ಒಳ್ಳೇ ರೇಟಿಗೆ ಸಿಕ್ಕಿ, ಬರೀ ಬಿಲ್ ಮತ್ತೆ ಟೈಪಿಂಗ್ ಕೆಲಸಕ್ಕೆ ಎರಡನೇ ಸಿಸ್ಟಮ್ ಅಂತಾದ್ರೆ ತಗೋಬಹುದು, ಬೇಡ ಅನ್ನಲ್ಲ.

ರ‍್ಯಾಮ್ ರೇಟು ಕೇಳಿದ್ರೆ ಮಾತ್ರ ಹೊಟ್ಟೆ ಉರಿಯುತ್ತೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರಿನವ್ರು ಮೆಮೊರಿ ಚಿಪ್ಪೆಲ್ಲ ಎಳ್ಕೊಳ್ತಾ ಇರೋದ್ರಿಂದ ಡಿಡಿಆರ್5 ಏರಿತು, ಕಂಪನಿಗಳು ಹಳೇ ಡಿಡಿಆರ್4 ತಯಾರಿ ಕಮ್ಮಿ ಮಾಡಿದ್ರಿಂದ ಅದೂ ಏರಿತು, ಮೈಕ್ರಾನ್‌ನವರಂತೂ ಆ ವರ್ಷ ಡಿಸೆಂಬರಲ್ಲಿ ನಮ್ಮ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ತೀವಿ ಅಂತ ಹೇಳ್ಬಿಟ್ರು. ಇಲ್ಲಿ ರೇಟ್ ಬರೆದ್ರೆ ನೀವು ಓದೋ ಹೊತ್ತಿಗೆ ಹಳೇದಾಗಿರುತ್ತೆ, ಅದಕ್ಕೇ ಈ ಪೋಸ್ಟಲ್ಲಿ ಯಾವುದಕ್ಕೂ ರೇಟ್ ಹಾಕಿಲ್ಲ. ಎರಡು 8 ಜಿಬಿ ಸ್ಟಿಕ್ಕಾ, ಒಂದೇ 16 ಜಿಬಿ ಸ್ಟಿಕ್ಕಾ ಅನ್ನೋದು ಎಲ್ರೂ ಕೇಳೋ ಪ್ರಶ್ನೆ. ಬಲ್ಲವರೆಲ್ಲ ಎರಡು ಹಾಕಿ, ಡ್ಯುಯಲ್ ಚಾನೆಲ್ ಆಗುತ್ತೆ (ಎರಡು ದಾರೀಲಿ ಡೇಟಾ ಓಡಾಡುತ್ತೆ), ಒಳಗಿನ ಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ದೆ ಇದೇ ರ‍್ಯಾಮ್ ಬಳಸೋದ್ರಿಂದ ಜೋರಾಗುತ್ತೆ ಅಂತಾರೆ, ಅದು ಸರಿನೇ. ಆದ್ರೆ ಎಚ್610 ಬೋರ್ಡಲ್ಲಿ ಇರೋದೇ ಎರಡು ಸ್ಲಾಟು, ಎರಡೂ 8ರಲ್ಲಿ ತುಂಬಿದ್ರೆ ನಾಳೆ 32 ಬೇಕಾದಾಗ ಎರಡನ್ನೂ ಕಿತ್ತು ಅರ್ಧ ರೇಟಿಗೆ ಮಾರ್ಬೇಕು. ಗೇಮ್ ಆಡೋರಿಗೆ ಡ್ಯುಯಲ್ ಚಾನೆಲ್ ವ್ಯತ್ಯಾಸ ಎದ್ದು ಕಾಣುತ್ತೆ, ಕೋರೆಲಲ್ಲಿ ಅಷ್ಟು ಕಾಣಲ್ಲ. ನಾನು ಅವಳಿಗೆ ಹೇಳಿದ್ದು 16ರದ್ದು ಒಂದೇ ಸ್ಟಿಕ್ ಹಾಕ್ಕೋ, ಜಾತ್ರೆ ದುಡ್ಡು ಬಂದ್ಮೇಲೆ ಅಂಥದ್ದೇ ಇನ್ನೊಂದು ಹಾಕಿದ್ರಾಯ್ತು ಅಂತ.

ಡಿಸ್ಕ್: ಬೋರ್ಡಿಗೇ ನೇರ ಕೂರೋ 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. 256 ಸಾಲಲ್ಲ, ವಿಂಡೋಸ್, ಅಡೋಬಿ, ಕೋರೆಲ್, ಫಾಂಟು ಎಲ್ಲ ಸೇರಿ ಬೇಗ ತುಂಬುತ್ತೆ, ಅಗ್ಗದ ಎಸ್‌ಎಸ್‌ಡಿ ತುಂಬಿದಷ್ಟೂ ನಿಧಾನ ಆಗುತ್ತೆ, ಫೋಟೋಶಾಪಿನ ಸ್ಕ್ರ್ಯಾಚ್ ಡಿಸ್ಕಿಗೂ (ಮೆಮೊರಿ ಸಾಲ್ದಾಗ ಅದು ಬರ್ಕೊಳೋ ಕಡೆ) ಅಲ್ಲೇ ಜಾಗ ಬೇಕು. ಸೆಕೆಂಡಿಗೆ 3,500 ಎಂಬಿ ಸ್ಪೀಡಾ 7,000ದ್ದಾ ಅಂತ ತಲೆ ಕೆಡಿಸ್ಕೋಬೇಡ್ರಿ, ಕಮ್ಮಿದ್ದೇ ಸಾಕು. ಹಳೇ ಕೆಲಸ ಇಡೋಕೆ ಸಾದಾ 1 ಟಿಬಿ ಹಾರ್ಡ್ ಡಿಸ್ಕ್, ಮೂರು ವರ್ಷ ಬಿಟ್ಟು ಬಂದು "ಹೋದ ಸಲ ಮಾಡಿದ್ರಲ್ಲ ಬಿಲ್ ಬುಕ್ಕು, ಅದ್ರಂಗೇ ಮಾಡ್ರಿ" ಅನ್ನೋ ಗಿರಾಕಿಗಳೇ ನಮ್ಮ ಬಂಡವಾಳ. ಅದರ ಕಾಪಿ ಇನ್ನೊಂದು ಹೊರಗಿನ ಡಿಸ್ಕಲ್ಲಿ ಇರ್ಲಿ, ಮನೇಲಿ ಇಡಿ, ಅಂಗಡೀಲಿ ಬೇಡ. ಫಾಂಟ್ ಫೋಲ್ಡರೂ ಸೇರಿಸಿ, ನುಡಿಯ ಹಳೇ ಫಾಂಟಲ್ಲಿ ಮಾಡಿದ ಫೈಲು ಆ ಫಾಂಟಿಲ್ಲದೆ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ ಚಿಹ್ನೆ ಕಲಸಿದಂಗೆ ಕಾಣುತ್ತೆ. ಶ್ರೀಲಿಪಿ ಡಾಂಗಲ್ (ಲೈಸೆನ್ಸಿನ ಯುಎಸ್‌ಬಿ ಕೀ) ಇರೋರು ಅದನ್ನ ಹಿಂದಿನ ಯುಎಸ್‌ಬಿಗೆ ಹಾಕಿ, ಮುಂದೆ ಹಾಕಿದ್ರೆ ಪೆನ್‌ಡ್ರೈವ್ ಅನ್ಕೊಂಡು ಯಾರಾದ್ರೂ ಕಿತ್ಕೊಂಡು ಹೋಗ್ತಾರೆ.

ಉಳಿಸಿದ ದುಡ್ಡು ಎಲ್ಲಿಗೆ ಹೋಗ್ಬೇಕು ಅಂದ್ರೆ ಮಾನಿಟರಿಗೆ. ದಿನಕ್ಕೆ ಹತ್ತು ಗಂಟೆ ಕಣ್ಣು ಇಡೋದು ಅದ್ರ ಮೇಲೆ, ಗಿರಾಕಿ ಪಕ್ಕದಲ್ಲಿ ಕೂತು "ಇದೇ ಬಣ್ಣ ಬರುತ್ತಲ್ಲ?" ಅಂತ ಕೇಳೋದು ಅದನ್ನ ನೋಡಿ. ಕೊಟೇಶನ್ನಲ್ಲಿದ್ದ 22 ಇಂಚಿಂದು ಟಿಎನ್ ಪ್ಯಾನೆಲ್, ಆ ಜಾತಿಯ ಸ್ಕ್ರೀನು ನೇರ ಕೂತ್ರೆ ಒಂದು ಬಣ್ಣ, ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತ ಗಿರಾಕಿಗೆ ಇನ್ನೊಂದು ಬಣ್ಣ. ಪಕ್ಕದಿಂದ ನೋಡಿದ್ರೂ ಬಣ್ಣ ಅಷ್ಟು ಬದಲಾಗದ ಐಪಿಎಸ್ ಪ್ಯಾನೆಲ್ಲೇ ಕೇಳಿ. ಆಮೇಲೆ ಡಬ್ಬಿ ಮೇಲೆ ಅಥವಾ ಕಂಪನಿ ಸೈಟಲ್ಲಿ ಸಣ್ಣಕ್ಷರದಲ್ಲಿ ಎನ್‌ಟಿಎಸ್‌ಸಿ ಇಷ್ಟು ಪರ್ಸೆಂಟ್, ಇಲ್ಲಾ ಎಸ್‌ಆರ್‌ಜಿಬಿ ಇಷ್ಟು ಪರ್ಸೆಂಟ್ ಅಂತ ಬರೆದಿರುತ್ತೆ, ಮಾನಿಟರ್ ಎಷ್ಟು ಬಣ್ಣ ತೋರಿಸುತ್ತೆ ಅನ್ನೋ ಅಳತೆ ಅದು, ಹುಡುಕಿ ಓದ್ಬೇಕು. 72 ಪರ್ಸೆಂಟ್ ಎನ್‌ಟಿಎಸ್‌ಸಿ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಎಸ್‌ಆರ್‌ಜಿಬಿ ಬಂದಂಗೆ. 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತಿದ್ರೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲೂ ಕಷ್ಟ, ಕುಂಕುಮದ ಕೆಂಪು ಇಟ್ಟಿಗೆ ಬಣ್ಣ ಆಗಿ ಕಾಣುತ್ತೆ, ನೀವು ಅದನ್ನ ಸರಿ ಮಾಡೋಕೆ ಹೋಗಿ ಫೈಲಲ್ಲಿ ಕೆಂಪು ಜಾಸ್ತಿ ಮಾಡ್ತೀರಿ, ಪ್ರಿಂಟಲ್ಲಿ ಎಲ್ಲಾ ಮುಖನೂ ಕೆಂಪಗೆ. ನಮ್ಮ ಕಡೆ ಲಗ್ನಪತ್ರಿಕೆಗಳೆಲ್ಲ ಶಿವಕಾಶಿಯಿಂದ ಖಾಲಿ ಕಾರ್ಡ್ ಬಂದು ಇಲ್ಲಿ ಒಳಗಿನ ಅಕ್ಷರ ಮಾತ್ರ ಪ್ರಿಂಟ್ ಆಗೋದು ಜಾಸ್ತಿ, ಅದಕ್ಕೆ ಬಣ್ಣದ ತಲೆನೋವಿಲ್ಲ, ಆದ್ರೆ ಫ್ಲೆಕ್ಸ್, ಪಾಂಪ್ಲೆಟ್, ಲೇಬಲ್ ಮೂರರಲ್ಲೂ ಈ ಮಾತು ಬಂದೇ ಬರುತ್ತೆ.

ಸೈಜು 24 ಇಂಚು ಸಾಕು. 1920×1080 ರೆಸಲ್ಯೂಶನ್ನು 24 ಇಂಚಲ್ಲಿ ಇಂಚಿಗೆ 92 ಪಿಕ್ಸೆಲ್ ಬರುತ್ತೆ, ಅದನ್ನೇ 27 ಇಂಚಿಗೆ ಹಿಗ್ಗಿಸಿದ್ರೆ 82ಕ್ಕೆ ಇಳಿದು ಕನ್ನಡದ ಒತ್ತಕ್ಷರ, ಅರ್ಕಾವತ್ತು ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. 27 ಬೇಕೇ ಬೇಕು ಅಂದ್ರೆ 2560×1440ರದ್ದು ತಗೊಳ್ಳಿ. ಕರ್ವ್ಡ್ ಮಾತ್ರ ಬೇಡ, ಬಿಲ್ ಬುಕ್ಕಿನ ಗೆರೆ ನೇರ ಐತೋ ಸೊಟ್ಟ ಐತೋ ಅಂತ ಅನುಮಾನ ಪಡ್ತಾ ಕೂರ್ಬೇಕಾಗುತ್ತೆ. ಬಂದ ತಕ್ಷಣ ಬ್ರೈಟ್‌ನೆಸ್ ಇಳಿಸಿ, ಅಂಗಡಿಯಿಂದ ಬರೋವಾಗ ಎಲ್ಲಾ ಮಾನಿಟರೂ ಕಣ್ಣು ಕುಕ್ಕೋ ಹಂಗೆ ಇಟ್ಟಿರ್ತಾರೆ. ಕ್ಯಾಲಿಬ್ರೇಶನ್ ಯಂತ್ರ ತಗೊಳೋ ಅಷ್ಟು ನಮಗಾಗಲ್ಲ, ಅದರ ಬದ್ಲು ನೀವು ಯಾವಾಗ್ಲೂ ಫ್ಲೆಕ್ಸ್ ಹೊಡೆಸೋ ಕಡೆ ಒಂದಡಿ ತುಂಡಲ್ಲಿ ಹತ್ತಿಪ್ಪತ್ತು ಬಣ್ಣದ ಚೌಕ, ಎರಡು ಮುಖದ ಫೋಟೋ ಹಾಕಿ ಹೊಡೆಸ್ಕೊಂಡು ಬನ್ನಿ, ಪ್ರತಿ ಚೌಕದ ಕೆಳಗೆ ಸಿಎಂವೈಕೆ ನಂಬರ್ ಇರ್ಲಿ. ಅದನ್ನ ಮಾನಿಟರ್ ಪಕ್ಕದ ಗೋಡೆಗೆ ಹಚ್ಚಿ, ಗಿರಾಕಿಗೆ ಬಣ್ಣ ಆರಿಸೋಕೆ ಅದನ್ನೇ ತೋರಿಸಿ. ಮಾನಿಟರಲ್ಲಿ ಮಿಂಚೋ ಆ ಗಿಳಿ ಹಸಿರು, ಆ ನೀಲಿ, ಅವು ಸಿಎಂವೈಕೆ ಇಂಕಲ್ಲಿ ಹಂಗೆ ಬರೋದೇ ಇಲ್ಲ, ಎಷ್ಟು ಲಕ್ಷದ ಮಾನಿಟರ್ ಇಟ್ರೂ ಅಷ್ಟೇ.

ಇನ್ನು ಆ ಹೆಸರಿಲ್ಲದ ಎಸ್‌ಎಂಪಿಎಸ್. ಇದೊಂದರಲ್ಲಿ ನಾನು ಯಾರ ಮಾತೂ ಕೇಳಲ್ಲ. ಕಾರ್ಡ್ ಇಲ್ಲದ ಈ ಸಿಸ್ಟಮ್ ಜೋರಾಗಿ ಕೆಲಸ ಮಾಡಿದ್ರೂ 150 ವ್ಯಾಟ್ ಆಸುಪಾಸು ತಿನ್ನಬಹುದು, 12400ರ ಅತಿ ಹೆಚ್ಚಿನ ಲಿಮಿಟ್ಟೇ 117 ವ್ಯಾಟು. ಹಂಗಾಗಿ 500, 600 ಅನ್ನೋ ದೊಡ್ಡ ನಂಬರ್ ಬೇಕಾಗಿಲ್ಲ, ಹೆಸರಿರೋ ಕಂಪನಿಯ 450 ವ್ಯಾಟಿನ 80 ಪ್ಲಸ್ ಬ್ರಾಂಜ್ (ಕರೆಂಟ್ ಕಮ್ಮಿ ಪೋಲು ಮಾಡುತ್ತೆ ಅನ್ನೋ ಗುರುತು) ಸಾಕು, ಮುಂದೆ ಕಾರ್ಡ್ ಹಾಕೋ ಆಸೆ ಇದ್ರೆ 550. ಅಗ್ಗದ್ದು ಕೆಟ್ಟು ಹೋಗೋವಾಗ ತಾನೊಂದೇ ಹೋಗಲ್ಲ, ಬೋರ್ಡು, ಡಿಸ್ಕನ್ನೂ ಕರ್ಕೊಂಡು ಹೋಗೋದುಂಟು. ನಮ್ಮೂರಲ್ಲಿ ಕರೆಂಟ್ ಹೋಗಿ ಬಂದು ಮಾಡೋದು, ಬೇಸಿಗೆಯಲ್ಲಿ ವೋಲ್ಟೇಜ್ ಕುಣಿಯೋದು ಹೊಸದೇನಲ್ಲ, ಯುಪಿಎಸ್ ಬೇಕೇ ಬೇಕು. 600 ವಿಎ ಅಂತ ಬರೋದ್ರಲ್ಲಿ ನಿಜವಾಗಿ ಸಿಗೋದು 360 ವ್ಯಾಟ್ ಸುಮಾರು, ಈ ಸಿಸ್ಟಮ್ಮು ಮಾನಿಟರ್ರು ಎರಡಕ್ಕೂ ಸಾಕು, ಫೈಲ್ ಸೇವ್ ಮಾಡಿ ಆಫ್ ಮಾಡೋ ಅಷ್ಟು ಟೈಮ್ ಸಿಗುತ್ತೆ. ಲೇಸರ್ ಪ್ರಿಂಟರ್ ಮಾತ್ರ ಅದೇ ಯುಪಿಎಸ್‌ಗೆ ಹಾಕ್ಬೇಡ್ರಿ, ಒಳಗೆ ಟೋನರ್ ಕರಗಿಸೋ ಹೀಟರ್ ಇರುತ್ತೆ, ಅದು ಆನ್ ಆದಾಗ ಎಳೆಯೋ ಲೋಡಿಗೆ ಯುಪಿಎಸ್ ಕುಂಯ್ ಅಂದು ಕೂರುತ್ತೆ, ಎಲ್ಲಾ ಆಫ್. ಮಳಿಗೇಲಿ ಅರ್ಥಿಂಗ್ ಐತಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡ್ಸಿ, ಹಳೇ ಮಳಿಗೆಗಳಲ್ಲಿ ಮೂರನೇ ಪಿನ್ನಿಗೆ ವೈರೇ ಇರಲ್ಲ. ಕ್ಯಾಬಿನೆಟ್ ಮುಟ್ಟಿದ್ರೆ ಚುರ್ ಅನ್ನುತ್ತಲ್ಲ, ಎಸ್‌ಎಂಪಿಎಸ್ ಒಳಗಿರೋ ಫಿಲ್ಟರ್ ಕೆಪಾಸಿಟರಿಂದ ಬಂದ ಸಣ್ಣ ಲೀಕೇಜು ಭೂಮಿಗೆ ಹೋಗೋಕೆ ದಾರಿ ಇಲ್ದೆ ನಿಮ್ಮ ಕೈಗೆ ಬರೋದು ಅದು.

ಕ್ಯಾಬಿನೆಟ್ ಯಾವುದಾದ್ರೂ ಆಗ್ಲಿ, ಮುಂದೆ ಜಾಲರಿ ಇರ್ಲಿ, ತೊಳೆಯೋಕೆ ಬರೋ ಫಿಲ್ಟರ್ ಇರ್ಲಿ, ಗಾಜು ಲೈಟು ಬೇಡ. ನಮ್ಮೂರ ಧೂಳು ಗೊತ್ತಲ್ಲ.

ಜನಶತಾಬ್ದಿ ಹತ್ತಿ ಬೆಂಗಳೂರಲ್ಲಿ ಕಂಪ್ಯೂಟರ್ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೋಗಿ ತಂದ್ರೆ ಕಮ್ಮಿ ಬೀಳುತ್ತಾ ಅಂತ ಕೇಳ್ತಾರೆ. ಬೀಳಬಹುದು, ಒಂದೇ ಸಿಸ್ಟಮ್ ಆದ್ರೆ ಟ್ರೈನ್ ಚಾರ್ಜು, ಊಟ, ಒಂದು ದಿನದ ಕೆಲಸ ಕಳೆದು ನೋಡಿ ಎಷ್ಟು ಉಳೀತು ಅಂತ. ಬೋರ್ಡ್ ಕೈ ಕೊಟ್ರೆ ಮತ್ತೆ ಅಲ್ಲಿಗೇ ಹೊರಬೇಕು. ನನಗೆ ಊರಲ್ಲೇ ತಗೊಳೋದು ಸರಿ, ಆದ್ರೆ ಲಿಸ್ಟ್ ನಮ್ಮದಿರ್ಬೇಕು, "ಅದಿಲ್ಲ, ಅದರಂಥದ್ದೇ ಇದು" ಅಂದ್ರೆ ಎರಡು ದಿನ ಕಾಯ್ತೀನಿ ತರಿಸ್ರಿ ಅನ್ಬೇಕು. ಪ್ರೊಸೆಸರ್ ಡಬ್ಬಿ ಸಮೇತ ಕೊಡ್ತಾರಾ ಇಲ್ಲಾ ಟ್ರೇದಿಂದ ತೆಗೆದು ಕೊಡ್ತಾರಾ ಕೇಳಿ, ಡಬ್ಬಿದಕ್ಕೆ ಇಂಟೆಲ್‌ನಿಂದ ಮೂರು ವರ್ಷ ವಾರಂಟಿ ಐತೆ, ಟ್ರೇದಕ್ಕೆ ಅಂಗಡಿಯವ್ರ ಬಾಯಿಮಾತೇ ವಾರಂಟಿ. ಜಿಎಸ್‌ಟಿ 18 ಪರ್ಸೆಂಟ್ ಉಳಿಸೋಣ ಅಂತ ಚೀಟಿ ಬಿಲ್ಲಲ್ಲಿ ತಗೊಂಡ್ರೆ ಆ ವಾರಂಟಿ ಕೇಳೋಕೆ ಹೋದಾಗ ತೋರಿಸೋಕೆ ಏನೂ ಇರಲ್ಲ, ನಿಮ್ಮ ಆಫೀಸಿಗೆ ರೆಗ್ಯುಲರ್ ಜಿಎಸ್‌ಟಿ ನಂಬರ್ ಇದ್ರೆ ಆ 18 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರೋದೇ, ಕಾಂಪೋಸಿಶನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ) ಇರೋರಿಗೆ ಬರಲ್ಲ ಅಷ್ಟೇ. ಬಿಲ್ಲಲ್ಲಿ ನಿಮ್ಮ ಜಿಎಸ್‌ಟಿ ನಂಬರು, ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರು ಬರೆಸಿ, ಥರ್ಮಲ್ ಪೇಪರ್ ಬಿಲ್ ಕೊಟ್ರೆ ಅವತ್ತೇ ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ, ಇಲ್ಲಾಂದ್ರೆ ವರ್ಷ ಕಳೆಯೋದ್ರೊಳಗೆ ಅಕ್ಷರ ಎಲ್ಲಾ ಅಳಿಸಿ ಹೋಗುತ್ತೆ.